ದೂರದರ್ಶನವೂ ಹತ್ತಿರದ ನುಡಿಯೂ

ದೂರದಲ್ಲಿರುವುದನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ಯಂತ್ರಕ್ಕೆ ದೂರದರ್ಶನವೆಂದು ಹೆಸರಾಯಿತು. ಹೆಸರು ಅನ್ವರ್ಥವಾದುದೇ ಸರಿ. ಆದರೆ ರಾಯಚೂರು ಸೀಮೆಯಲ್ಲಿ ಈ ಯಂತ್ರವು ನಡೆದುಬಂದ ದಾರಿಯನ್ನು ವಿಚಾರಿಸಹೊರಟವರಿಗೆ ಬೇರೊಂದು ಪ್ರಶ್ನೆಯು ಎದುರಾಗುತ್ತದೆ. ದೂರದ್ದನ್ನು ತೋರಿಸಿದ ಈ ಯಂತ್ರವು ಹತ್ತಿರದ್ದನ್ನು ಎಷ್ಟರಮಟ್ಟಿಗೆ ಕಂಡಿತು? ಕಾವ್ಯವನ್ನೂ ನಾಟಕವನ್ನೂ ಗುಣದೋಷಗಳನ್ನರಿತು ವಿಮರ್ಶಿಸುವ ಪದ್ಧತಿಯು ಕನ್ನಡದಲ್ಲಿ ಚೆನ್ನಾಗಿ ಬೆಳೆದಿದೆ. ಊರೂರಿನ ಜನರು ಗುಂಪುಗೂಡಿ ನೋಡಿದ, ಕೇಳಿದ ಒಂದು ಪ್ರಸಾರದ ನುಡಿಯನ್ನು ಅದೇ ಶ್ರದ್ಧೆಯಿಂದ ಪರೀಕ್ಷಿಸುವ ರೂಢಿಯು ಇನ್ನೂ ಬೆಳೆಯಬೇಕಾಗಿದೆ. ಪ್ರಸಾರವೆಂದರೆ ಎಂಜಿನಿಯರರ ವಿಷಯ, ಇಲ್ಲವೆ ಸರಕಾರದ ವಿಷಯ ಎಂದು ಸಾಹಿತ್ಯಾಸಕ್ತರು ಸುಮ್ಮನಿರುವುದುಂಟು. ಅದು ಮೊದಲಿಗೆ ಮಾತಿನ ವಿಷಯವು. ಮಾತಿನ ವಿಷಯವಾದುದರಿಂದಲೇ ಸಾಹಿತ್ಯದ ವಿಷಯವೂ ಆಗಿದೆ.

ಹೀಗೆ ಪರೀಕ್ಷಿಸುವುದಕ್ಕೆ ಒರೆಗಲ್ಲು ಯಾವುದು? ಅದನ್ನು ಹೊರಗಿನಿಂದ ತರಬೇಕಾದುದಿಲ್ಲ. ದೇವದುರ್ಗ ತಾಲೂಕಿನ ಮಸರಕಲ್ ಎಂಬ ಗ್ರಾಮವು ದಾಸಸಾಹಿತ್ಯದ ವಾಚಕರಿಗೆ ಮೊಸರಕಲ್ಲೆಂದು ಪರಿಚಿತವಾದುದು. ಗೋಪಾಲದಾಸರ ಜನ್ಮಸ್ಥಳವು ಇದೇ. ಅವರ ಗುರುಗಳಾದ ವಿಜಯದಾಸರು ಮಾನವಿ ತಾಲೂಕಿನ ಚೀಕಲಪರ್ವಿಯವರು. ಅವರಿಂದ ದಾಸದೀಕ್ಷೆಯ ದಾರಿ ಹಿಡಿದು, ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಅದೇ ತಾಲೂಕಿನ ಬ್ಯಾಗವಾಟದವರು. 18ನೆಯ ಶತಮಾನದಲ್ಲಿ ಒಂದೇ ಸೀಮೆಯ ಈ ಹಳ್ಳಿಗಳಿಂದ ಹೊರಟ ವಾಣಿಯು, ಸಂಸ್ಕೃತದ ಗ್ರಂಥಗಳಲ್ಲಿ ಅಡಕವಾಗಿದ್ದ ಅರ್ಥವನ್ನು ಓದುಬರಹವಿಲ್ಲದವರ ಕಿವಿಗೆ ಮುಟ್ಟಿಸಿತು. ಇಲ್ಲಿ ಪ್ರಸ್ತುತವಾದುದು ಅವರ ಮತತತ್ತ್ವವಲ್ಲ, ಅವರು ಹಿಡಿದ ರೀತಿ. ಹೇಳುವವರ ಮಾತು ಕೇಳುವವರ ಮನೆಯ ಮಾತಾಗಿತ್ತೆಂಬುದು ಆ ರೀತಿಯ ಒಂದು ಗುಣವು. ಕೇಳಿದವನು ಕೇಳಿ ಸುಮ್ಮನಾಗದೆ ತಾನೇ ತಂಬೂರಿ ಹಿಡಿದು ಹಾಡುವವನಾಗಬಹುದಾಗಿತ್ತೆಂಬುದು ಇನ್ನೊಂದು ಗುಣವು. ಅಕ್ಷರವರಿಯದ ಜನಕ್ಕೆ ತಿಳಿವಳಿಕೆಯನ್ನು ಮುಟ್ಟಿಸುವೆನೆಂದು ಹೊರಡುವ ಯಾವ ಸಾಧನವನ್ನಾದರೂ ಈ ಎರಡು ಗುಣಗಳಿಂದ ಅಳೆಯುವುದು ಈ ಸೀಮೆಗೆ ಸಹಜವೇ ಆಗಿದೆ.

ಅಂತಹ ಸಾಧನವು ಈ ಸೀಮೆಗೆ ಬಂದುದು 1975ನೆಯ ಇಸವಿ ಆಗಸ್ಟ್ 1ರಂದು. ಅದರ ಹೆಸರು ಉಪಗ್ರಹ ಬೋಧನ ದೂರದರ್ಶನ ಪ್ರಯೋಗ; ಜನರ ಬಾಯಲ್ಲಿ ಸಂಕ್ಷೇಪವಾಗಿ ‘ಸೈಟ್’. ಭಾರತದ ಪರಮಾಣು ಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ 1969ರ ಸೆಪ್ಟೆಂಬರಿನಲ್ಲಿ ಆದ ಒಪ್ಪಂದವೇ ಇದಕ್ಕೆ ಮೂಲವು. ಇದರ ಹಿಂದೆ ನಿಂತ ಚೇತನವು ವಿಕ್ರಮ್ ಸಾರಾಭಾಯಿಯವರದು. 1971ರ ಡಿಸೆಂಬರಿನಲ್ಲಿ ತೀರಿಕೊಂಡ ಅವರು ತಮ್ಮ ಯೋಜನೆಯು ಕೈಗೂಡಿದುದನ್ನು ನೋಡಲಿಲ್ಲ. 1974ರ ಮೇ ತಿಂಗಳಲ್ಲಿ ಹಾರಿಸಲಾಗಿದ್ದ ಎಟಿಎಸ್-6 ಎಂಬ ಉಪಗ್ರಹವನ್ನು ಭಾರತಕ್ಕೆ ಅಭಿಮುಖವಾಗುವಂತೆ ಪೂರ್ವಕ್ಕೆ ಸರಿಸಿ, ಒಂದು ವರ್ಷದ ಮಟ್ಟಿಗೆ ಈ ದೇಶದ ಉಪಯೋಗಕ್ಕೆ ಬಿಟ್ಟುಕೊಡಲಾಯಿತು. ಆರು ರಾಜ್ಯಗಳ 20 ಜಿಲ್ಲೆಗಳಿಂದ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದವು ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು. ಹಳ್ಳಿಯ ಶಾಲೆಯಲ್ಲೋ ಪಂಚಾಯತಿಯ ಕಟ್ಟಡದಲ್ಲೋ ಒಂದು ಪೆಟ್ಟಿಗೆ; ಹೊರಗೆ ಮೂರು ಮೀಟರು ಅಗಲದ, ಕೋಳಿಗೂಡಿನ ತಂತಿಬಲೆಯಿಂದ ಹೆಣೆದ ದೊಡ್ಡ ಬೋಗುಣಿಯಂತಹ ಗ್ರಾಹಕ. ಬೆಳಗಿನ ಒಂದೂವರೆ ಗಂಟೆಯು ಶಾಲೆಯ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆಯು ದೊಡ್ಡವರಿಗೆ ಮೀಸಲು. ಶಾಲೆಗೆ ರಜೆಯಿದ್ದಾಗ ಅದೇ ವೇಳೆಯಲ್ಲಿ ಶಿಕ್ಷಕರಿಗೆ ತರಬೇತಿ. ಬೇಸಾಯ, ಆರೋಗ್ಯ, ಶುಚಿತ್ವ, ಕುಟುಂಬಯೋಜನೆ ಇವು ಬೋಧೆಯ ವಿಷಯಗಳು.

ಈ ಪ್ರಯೋಗದ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯವು. ದೇಶದಲ್ಲಿ ದೂರದರ್ಶನವು ಮೊದಲಾದುದು 1959ರ ಸೆಪ್ಟೆಂಬರಿನಲ್ಲಿ, ದಿಲ್ಲಿಯಲ್ಲಿ. ಬಳಿಕ ಅದು ಮುಂಬಯಿಗೂ ಇತರ ಕೆಲವು ನಗರಗಳಿಗೂ ಹೋಯಿತು. ಮದ್ರಾಸಿಗೆ ಬಂದುದು 1975ರ ಆಗಸ್ಟ್ 15ರಂದು. ಬೆಂಗಳೂರಿಗೆ ಬಂದುದು 1981ರ ನವೆಂಬರ್ 1ರಂದು. ಎಂದರೆ ರಾಯಚೂರು ಜಿಲ್ಲೆಯ ಆಯ್ದ ಹಳ್ಳಿಗಳ ಜನರು ಮದ್ರಾಸಿನವರಿಗಿಂತ ಎರಡು ವಾರ ಮೊದಲು, ಬೆಂಗಳೂರಿನವರಿಗಿಂತ ಆರು ವರ್ಷ ಮೊದಲು ಈ ಬೆಳಕಿನ ಪರದೆಯ ಮುಂದೆ ಕುಳಿತರು. ರಸ್ತೆಯಾಗಲಿ, ಆಸ್ಪತ್ರೆಯಾಗಲಿ, ಕಾಲೇಜಾಗಲಿ ರಾಜಧಾನಿಯನ್ನು ಸುತ್ತಿ ಬಳಸಿ ಕಡೆಗೊಮ್ಮೆ ಬರುತ್ತಿದ್ದ ಸೀಮೆಗೆ, ಒಂದು ಹೊಸ ವಸ್ತುವು ಮೊದಲು ಬಂದುದು ಸಾಮಾನ್ಯ ಸಂಗತಿಯಲ್ಲ. ಹಿಂದುಳಿದ ಜಿಲ್ಲೆಯೆಂಬ ಕಾರಣದಿಂದಲೇ ಮುಂದಿನ ಸಾಲು ದೊರೆತ ಅಪೂರ್ವ ಪ್ರಸಂಗವಿದು. ನಗರವು ಉಂಡು ಮಿಕ್ಕಿದುದು ಹಳ್ಳಿಗೆ ಎಂಬ ಕ್ರಮವನ್ನು ಸಾರಾಭಾಯಿಯವರ ವಿಚಾರವು ತಲೆಕೆಳಗು ಮಾಡಿತು. ಇಷ್ಟನ್ನು ಮನಸಾರೆ ಮೆಚ್ಚಿಕೊಂಡ ಮೇಲೆಯೇ ವಿಮರ್ಶೆಯ ಕೆಲಸವು ಮೊದಲಾಗಬೇಕು.

ಮೊದಲನೆಯ ಗುಣವನ್ನು ನೋಡೋಣ: ಆ ಮಾತು ಕೇಳುವವರ ಮನೆಯ ಮಾತಾಗಿತ್ತೆ? ಕಾರ್ಯಕ್ರಮಗಳನ್ನು ಸಿದ್ಧಪಡಿಸುವುದಕ್ಕೆ ಆಕಾಶವಾಣಿಯು ದಿಲ್ಲಿ, ಕಟಕ್, ಹೈದರಾಬಾದು ಈ ಮೂರು ಊರುಗಳಲ್ಲಿ ತಯಾರಿಕಾ ಕೇಂದ್ರಗಳನ್ನು ಸ್ಥಾಪಿಸಿತು. ತೆಲುಗಿನ ಜೊತೆಗೆ ಕನ್ನಡದ ಹೊಣೆಯೂ ಹೈದರಾಬಾದಿನದಾಯಿತು. ಕನ್ನಡದ ಮೂರು ಜಿಲ್ಲೆಗಳಿಗೆ ಕನ್ನಡದ ಮಾತು ಕನ್ನಡನಾಡಿನ ಹೊರಗಿನಿಂದ ಬರಬೇಕಾಯಿತು. ಕಲಬುರ್ಗಿ, ರಾಯಚೂರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುವಾದುದರಿಂದ ಹೈದರಾಬಾದು ಅವಕ್ಕೆ ಅಪರಿಚಿತವಲ್ಲವೆಂದು ಹೇಳಬಹುದು. ಆದರೆ ವಿಜಾಪುರವು ಮುಂಬಯಿ ಪ್ರಾಂತದ ಜಿಲ್ಲೆಯಾಗಿತ್ತು. ಕಚೇರಿಯ ಮಾತು, ಕಂದಾಯದ ಮಾತು, ಅಳತೆಯ ಮಾತು ಈ ಜಿಲ್ಲೆಗಳಲ್ಲಿ ಒಂದೇ ಆಗಿ ಬೆಳೆಯಲಿಲ್ಲ. 1956ರ ನವೆಂಬರ್ 1ರಂದು ಅವೆಲ್ಲವೂ ಒಂದೇ ರಾಜ್ಯಕ್ಕೆ ಸೇರಿದುವು, ಅಷ್ಟೆ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವವನಿಗೂ, ಮಸಾರಿ ಹೊಲದಲ್ಲಿ ಸಜ್ಜೆ ಬಿತ್ತುವವನಿಗೂ, ತುಂಗಭದ್ರೆಯ ಕಾಲುವೆಯ ಕೆಳಗೆ ಭತ್ತ ನಾಟಿಮಾಡುವವನಿಗೂ ಬೇಸಾಯವೆಂಬ ಒಂದೇ ಶಬ್ದದಿಂದ ಪಾಠ ಹೇಳಲಾಗದು. ಕೂರಿಗೆಯ ತಾಳು, ಕುಂಟೆಯ ಕುಳ, ಮಳೆಯ ನಕ್ಷತ್ರ ಇವುಗಳ ಹೆಸರುಗಳನ್ನು ಬಲ್ಲವನು ಮಾತ್ರ ಹೊಲದವನ ಕೂಡ ಮಾತನಾಡಬಲ್ಲನು.

ಇನ್ನೂ ಒಂದು ವಿಷಯವು ವಿಚಾರಣೀಯವಾಗಿದೆ. ಆ ಉಪಗ್ರಹದ ಮೂಲಕ ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸಬಹುದಾಗಿತ್ತು. ಒಂದೇ ಚಿತ್ರವನ್ನು ನೋಡುತ್ತ ಒಂದು ಹಳ್ಳಿಯವರು ಒಂದು ಭಾಷೆಯನ್ನೂ, ಇನ್ನೊಂದು ಹಳ್ಳಿಯವರು ಇನ್ನೊಂದು ಭಾಷೆಯನ್ನೂ ಕೇಳುವ ಈ ಏರ್ಪಾಡು ಯಂತ್ರಶಾಸ್ತ್ರದ ದೃಷ್ಟಿಯಿಂದ ಕುಶಲವಾದುದು, ಮಿತವ್ಯಯದ್ದು. ಸಾಹಿತ್ಯದ ದೃಷ್ಟಿಯಿಂದ ಇದರಲ್ಲಿ ಅಡಗಿರುವ ತತ್ತ್ವವು ಸಂದೇಹಾಸ್ಪದವಾಗಿದೆ. ಚಿತ್ರಕ್ಕೆ ಭಾಷೆಯಿಲ್ಲ, ಮಾತೆಂಬುದು ಮೇಲೆ ಹೊದಿಸುವ ವಸ್ತ್ರ, ಬೇಕಾದಾಗ ಬದಲಿಸಬಹುದು ಎಂಬುದೇ ಆ ತತ್ತ್ವವು. ಶಬ್ದಾರ್ಥಗಳು ಒಂದಕ್ಕೊಂದು ಬೆಸೆದುಕೊಂಡೇ ಕಾವ್ಯವಾಗುವುದೆಂದು ಆಲಂಕಾರಿಕರು ಹೇಳಿದ್ದು ಕಾವ್ಯಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಹೆಂಗಸೊಬ್ಬಳು ಒಲೆಯ ಮುಂದೆ ಕುಳಿತು ಆಡುವ ಮಾತಿಗೂ, ಅವಳ ಕೈಯ ಚಲನೆಗೂ, ಮುಖದ ಭಾವಕ್ಕೂ ಇರುವ ನಂಟು ಎಷ್ಟು ಬಿಗಿಯಾದುದೆಂದರೆ, ಮಾತನ್ನು ಬದಲಿಸಿದರೆ ಅವಳು ಬೇರೆ ಮನೆಯವಳಾಗುವಳು. ಮಸರಕಲ್ಲಿನ ಒಲೆಯೂ ಮೇದಕದ ಒಲೆಯೂ ಪರದೆಯ ಮೇಲೆ ಒಂದೇ ಆಗಿ ಕಾಣಬಹುದು; ಒಲೆಯ ಮುಂದಿನ ಮಾತು ಒಂದೇ ಅಲ್ಲ.

ಸಂಜೆಯ ಪ್ರಸಾರದಲ್ಲಿ ಅರ್ಧ ಗಂಟೆಯು ಎಲ್ಲ ರಾಜ್ಯಗಳಿಗೂ ಸಾಮಾನ್ಯವಾದುದು. ವಾರ್ತೆಗಳನ್ನೊಳಗೊಂಡ ಆ ಭಾಗವು ಹಿಂದಿಯಲ್ಲಿರುತ್ತಿತ್ತು. ಈ ಸೀಮೆಯಲ್ಲಿ ಉರ್ದುವಿನ ಬಳಕೆಯಿದ್ದುದರಿಂದ ಕೆಲವರಿಗೆ ಅದು ತಕ್ಕಮಟ್ಟಿಗೆ ತಿಳಿದಿರಬಹುದು. ತಿಳಿಯಿತೋ ಇಲ್ಲವೋ ಎಂಬುದಕ್ಕಿಂತಲೂ ದೊಡ್ಡ ಪ್ರಶ್ನೆಯು ಬೇರೆ ಇದೆ. 1975ರ ಜೂನ್ 25ರಂದು ತುರ್ತುಪರಿಸ್ಥಿತಿಯು ಘೋಷಿತವಾಗಿ 1977ರ ಮಾರ್ಚಿನವರೆಗೆ ನಡೆಯಿತು. ಪ್ರಯೋಗದ ಹನ್ನೆರಡು ತಿಂಗಳೂ ಈ ಕಾಲದೊಳಗೇ ಬಿದ್ದುವು. ಪತ್ರಿಕೆಗಳ ಮೇಲೆ ನಿರ್ಬಂಧವಿದ್ದ ದಿನಗಳಲ್ಲಿ, ಹಳ್ಳಿಯ ಪೆಟ್ಟಿಗೆಯಿಂದ ಹೊರಟ ವಾರ್ತೆಯು ಆಳುವವರ ವಾಣಿಯಲ್ಲದೆ ಮತ್ತೇನಾದೀತು? ಪ್ರಯೋಗದ ಉದ್ದೇಶವು ಇದಲ್ಲವೆಂಬುದು ನಿಜ. ಆದರೂ ಒಬ್ಬನೇ ಆಡಿ ಉಳಿದವರೆಲ್ಲರೂ ಕೇಳುವ ಏರ್ಪಾಡಿನಲ್ಲಿ ಇಂತಹ ಅಪಾಯವು ಯಾವಾಗಲೂ ಹುದುಗಿರುತ್ತದೆ.

ಎರಡನೆಯ ಗುಣದ ಕಡೆಗೆ ಬಂದರೆ ಕೊರತೆಯು ಇನ್ನೂ ಸ್ಪಷ್ಟವಾಗುತ್ತದೆ. ಕೇಳಿದವನು ಹಾಡುವವನಾದನೆ? ಪೆಟ್ಟಿಗೆಯು ಆಡುತ್ತಿತ್ತು, ಕೇಳುತ್ತಿರಲಿಲ್ಲ. ಪ್ರಯೋಗದ ಪರಿಣಾಮವನ್ನು ಅರಿಯುವುದಕ್ಕೆ ಬಾಹ್ಯಾಕಾಶ ಸಂಸ್ಥೆಯು ಸಮಾಜವಿಜ್ಞಾನಿಗಳನ್ನು ನೇಮಿಸಿ, ಕೆಲವರನ್ನು ಹಳ್ಳಿಗಳಲ್ಲಿಯೇ ನೆಲೆಗೊಳಿಸಿದುದು ಶ್ಲಾಘನೀಯವಾದ ಕಾರ್ಯವು. ಈ ದೇಶದ ಎಷ್ಟೋ ಯೋಜನೆಗಳಿಗೆ ಅಂತಹ ಆತ್ಮಪರೀಕ್ಷೆಯ ಭಾಗ್ಯವಿಲ್ಲ. ಮೊದಲ ದಿನಗಳ ಜನಸಂದಣಿಯು ಕ್ರಮೇಣ ಕರಗಿ, ಹಳ್ಳಿಯೊಂದಕ್ಕೆ ನೂರರ ಆಸುಪಾಸಿನ ನೋಟಕರು ಉಳಿದರೆಂಬುದು ಅವರು ಕಂಡ ಸಂಗತಿ. ಹೊಸತನದ ಮೋಹವು ಇಳಿದ ಮೇಲೂ ನೂರು ಜನರು ಬಂದು ಕುಳಿತರೆಂಬುದು ಸಣ್ಣ ಮಾತಲ್ಲ. ಆದರೆ ಆ ನೂರು ಜನರು ಎದ್ದು ಮನೆಗೆ ಹೋಗುವಾಗ ಆಡಿಕೊಂಡ ಮಾತು ತಿರುಗಿ ಪರದೆಯ ಮೇಲೆ ಬರುವುದಕ್ಕೆ ದಾರಿಯು ತೀರ ಕಿರಿದಾಗಿತ್ತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಇದು ಒಂದು ವರ್ಷದ ಪ್ರಯೋಗ ಮಾತ್ರ. ಆಕಾಶದಿಂದ ನೇರವಾಗಿ ಹಳ್ಳಿಗೆ ಚಿತ್ರವನ್ನು ಇಳಿಸಬಹುದೆ ಎಂದು ನೋಡುವುದೇ ಅದರ ಗುರಿ. ಅದರಿಂದ ಸಾಹಿತ್ಯಗುಣವನ್ನು ಬಯಸುವುದು ಅತಿಯಾಸೆಯಲ್ಲವೆ, ಎಂದು. ಇದಕ್ಕೆ ಸಮಾಧಾನವು ಅದೇ ಕಾಲದ ಮತ್ತೊಂದು ಪ್ರಯೋಗದಲ್ಲಿ ದೊರೆಯುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಪೀಜ್ ಎಂಬ ಹಳ್ಳಿಯಲ್ಲಿ ಅದೇ ಬಾಹ್ಯಾಕಾಶ ಸಂಸ್ಥೆಯು 1975ರಲ್ಲಿ ಒಂದು ಕಿಲೋವಾಟಿನ ಸಣ್ಣ ಪ್ರಸಾರಕವನ್ನು ನಿಲ್ಲಿಸಿತು. ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಅಹಮದಾಬಾದಿನಲ್ಲಿ. ಎಂದರೆ ಅಲ್ಲಿಯೂ ಸ್ಟುಡಿಯೋ ಹಳ್ಳಿಯಲ್ಲಿರಲಿಲ್ಲ. ಆದರೆ ಹಳ್ಳಿಯ ಜನರೇ ಪಾತ್ರಧಾರಿಗಳಾದರು, ಕಥೆ ಹೇಳಿದರು. ಕೂಲಿಯ ಅನ್ಯಾಯ, ಜಾತಿಯ ಕಟ್ಟುಪಾಡು ಮೊದಲಾದ ಊರಿನ ಸಂಕಟಗಳು ಊರಿನ ಮಾತಿನಲ್ಲೇ ಪರದೆಗೆ ಬಂದುವು. ಆ ಕಾರ್ಯಕ್ಕೆ 1984ರಲ್ಲಿ ಯುನೆಸ್ಕೋದ ಪುರಸ್ಕಾರವು ಸಂದಿತು. ಮರುವರ್ಷವೇ, 1985ರಲ್ಲಿ, ಪೀಜಿನ ಪ್ರಸಾರಕವನ್ನು ನಿಲ್ಲಿಸಲಾಯಿತೆಂಬುದು ವಿಷಾದದ ಸಂಗತಿ. ಹಾಗಿದ್ದರೂ ಅದು ಒಂದನ್ನು ಸಿದ್ಧಪಡಿಸಿ ತೋರಿಸಿತು. ಒಂದು ನಿಲಯವು ಊರಿನದಾಗುವುದು ಕಂಬವು ಎಲ್ಲಿ ನಿಂತಿದೆಯೆಂಬುದರಿಂದಲ್ಲ, ಮಾತು ಯಾರದೆಂಬುದರಿಂದ. ರಾಯಚೂರಿನ ಹಳ್ಳಿಗಳಿಗೆ ಪೆಟ್ಟಿಗೆಯು ಬಂದಿತು; ಪೀಜಿಗೆ ಬಂದ ಭಾಗ್ಯವು ಬರಲಿಲ್ಲ.

1976ರ ಜುಲೈ 31ರಂದು ಪ್ರಯೋಗವು ಮುಗಿಯಿತು. ಉಪಗ್ರಹವು ತಿರುಗಿ ಅಮೆರಿಕದ ಕಡೆಗೆ ಹೋಯಿತು. ತಂತಿಬಲೆಯ ಬೋಗುಣಿಗಳು ಆಕಾಶವನ್ನು ನೋಡುತ್ತ ನಿಂತಿದ್ದರೂ ಇಳಿದು ಬರುವ ಚಿತ್ರವಿರಲಿಲ್ಲ. ಒಮ್ಮೆ ಕೊಟ್ಟುದನ್ನು ಪೂರ್ತಿಯಾಗಿ ಕಿತ್ತುಕೊಳ್ಳುವುದು ಸರಿಯಲ್ಲವೆಂದು, ಪ್ರಯೋಗದ ಆರು ಸೀಮೆಗಳಿಗೆ ಆರು ಊರುಗಳಲ್ಲಿ ನೆಲದ ಮೇಲಿನ ಪ್ರಸಾರಕಗಳನ್ನು ಸ್ಥಾಪಿಸುವ ಏರ್ಪಾಡಾಯಿತು. ಕರ್ನಾಟಕದ ಪಾಲಿನದು 1977ರಲ್ಲಿ ಕಲಬುರ್ಗಿಯಲ್ಲಿ ನಿಂತಿತು. ಕನ್ನಡನಾಡಿನ ಮೊದಲ ದೂರದರ್ಶನ ನಿಲಯವು ರಾಜಧಾನಿಯದಲ್ಲ, ಕಲಬುರ್ಗಿಯದು ಎಂಬ ಮಾತನ್ನು ಈ ಭಾಗದವರು ಅಭಿಮಾನದಿಂದ ಹೇಳಿಕೊಳ್ಳುವುದು ಯುಕ್ತವೇ ಆಗಿದೆ.

ಆದರೆ ಅಭಿಮಾನದ ಜೊತೆಗೆ ಲೆಕ್ಕವನ್ನೂ ನೋಡಬೇಕು. ಆಕಾಶದಿಂದ ಬೀಳುವ ಅಲೆಗೆ ಕಲಬುರ್ಗಿಯೂ ರಾಯಚೂರೂ ಸಮಾನವೇ. ಗೋಪುರದಿಂದ ಹೊರಡುವ ಅಲೆಯು ಹಾಗಲ್ಲ. ದೂರ ಹೋದಂತೆ ಅದು ಬಡವಾಗುತ್ತದೆ, ನೆಲದ ಬಾಗು ಅದನ್ನು ತಡೆಯುತ್ತದೆ. ಕಲಬುರ್ಗಿಯಿಂದ ದೇವದುರ್ಗವು ನೆಟ್ಟಗೆ ಅಳೆದರೂ ಸುಮಾರು ನೂರು ಕಿಲೋಮೀಟರು ದೂರವಿದೆ. ರಾಯಚೂರು ಇನ್ನೂ ದೂರ. ಭೀಮೆಯನ್ನೂ ಕೃಷ್ಣೆಯನ್ನೂ ದಾಟಿ ಬರುವಷ್ಟರಲ್ಲಿ ಆ ಬೆಳಕು ಮಸುಕಾಗದೆ ಇರುವುದು ಸಾಧ್ಯವಿಲ್ಲ. ಹೀಗೆ 1975ರಲ್ಲಿ ಮೊದಲ ಸಾಲಿನಲ್ಲಿದ್ದ ಜಿಲ್ಲೆಯು 1977ರಲ್ಲಿ ಅಂಚಿಗೆ ಸರಿಯಿತು. ಸಾಧನವು ಹತ್ತಿರ ಬಂದಿತೆಂದು ಎಲ್ಲರೂ ಸಂತೋಷಪಡುತ್ತಿದ್ದಾಗಲೇ ದೂರದ ಹಳ್ಳಿಗಳಿಗೆ ಅದು ಇನ್ನಷ್ಟು ದೂರವಾಯಿತು.

ಮುಂದಿನ ಕಾಲದ ಪ್ರವಾಹವು ಬೇರೆ ದಿಕ್ಕಿಗೆ ಹರಿಯಿತು. 1976ರ ಏಪ್ರಿಲ್ 1ರಂದು ದೂರದರ್ಶನವು ಆಕಾಶವಾಣಿಯಿಂದ ಬೇರೆಯಾಗಿತ್ತು. 1982ರಲ್ಲಿ ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಕಾರ್ಯಕ್ರಮವು ಮೊದಲಾಯಿತು, ಪರದೆಗೆ ಬಣ್ಣವು ಬಂದಿತು. 1984ರಲ್ಲಿ ಕೆಲವು ತಿಂಗಳ ಕಾಲ ಹೆಚ್ಚುಕಡಿಮೆ ದಿನಕ್ಕೊಂದರಂತೆ ಹೊಸ ಪ್ರಸಾರಕಗಳು ಎದ್ದುವು. ಆ ಪ್ರಸಾರಕಗಳು ಬಹುಮಟ್ಟಿಗೆ ದಿಲ್ಲಿಯ ಮಾತನ್ನು ಮರುಧ್ವನಿಸುವವು. ತಮ್ಮ ಮಾತನ್ನು ಹುಟ್ಟಿಸುವವಲ್ಲ. ಯಂತ್ರಗಳು ಹೆಚ್ಚಿದಷ್ಟು ವೇಗದಲ್ಲಿ ಅವು ಹೇಳಬೇಕಾದ ಮಾತಿನ ಆಲೋಚನೆಯು ಬೆಳೆಯಲಿಲ್ಲವೆಂದು ಪಿ. ಸಿ. ಜೋಶಿಯವರ ಅಧ್ಯಕ್ಷತೆಯ ಸಮಿತಿಯು 1985ರ ತನ್ನ ವರದಿಯಲ್ಲಿ ಎಚ್ಚರಿಸಿತು. ಈ ಎಚ್ಚರಿಕೆಯನ್ನು ಕನ್ನಡದ ಗಾದೆಯಲ್ಲಿ ಹೇಳುವುದಾದರೆ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಗಿತ್ತು. ಕುಲಾವಿಗಳು ಊರೂರಿಗೂ ಬಂದುವು, ಕೂಸುಗಳಿಗಾಗಿ ಕಾಯಬೇಕಾಯಿತು.

ಕಲಬುರ್ಗಿಯ ಕಂಬದ ಕಥೆಯು ಮುಗಿದುದು ಇತ್ತೀಚೆಗೆ. ನೆಲದ ಮೇಲಿನ ಹಳೆಯ ಬಗೆಯ ಪ್ರಸಾರಕಗಳ ಕಾಲವು ತೀರಿತೆಂದು ಪ್ರಸಾರ ಭಾರತಿಯು ಅವುಗಳನ್ನು ಹಂತಹಂತವಾಗಿ ನಿಲ್ಲಿಸತೊಡಗಿತು. ಗಡಿ ಮೊದಲಾದ ಮಹತ್ತ್ವದ ಸ್ಥಳಗಳ ಸುಮಾರು 50ನ್ನು ಬಿಟ್ಟು ಉಳಿದುವನ್ನು 2022ರ ಮಾರ್ಚ್ 31ರೊಳಗೆ ಮುಗಿಸುವ ನಿರ್ಧಾರವಾಯಿತು. ಕಲಬುರ್ಗಿಯ ನಿಲಯವೇ ಮುಚ್ಚುವುದೆಂಬ ಕಳವಳವು 2021ರ ಅಕ್ಟೋಬರಿನಲ್ಲಿ ಹರಡಿದಾಗ, ಸಂಸ್ಥೆಯು ಒಂದು ಸ್ಪಷ್ಟನೆಯನ್ನು ಕೊಟ್ಟಿತು: ಪ್ರಸಾರಕವು ಮಾತ್ರ ನಿಲ್ಲುವುದು, ಕೇಂದ್ರವು ಕಾರ್ಯಕ್ರಮಗಳನ್ನು ತಯಾರಿಸುತ್ತಲೇ ಇರುವುದು, ಅವು ಚಂದನ ವಾಹಿನಿಯಲ್ಲಿ ಪ್ರಸಾರವಾಗುವುವು, ಎಂದು. ಈ ಸ್ಪಷ್ಟನೆಯಿಂದ ಕೆಲವರಿಗೆ ಸಮಾಧಾನವಾಯಿತು, ಕೆಲವರಿಗೆ ಆಗಲಿಲ್ಲ. ವಿಮರ್ಶಕನಿಗೆ ಇದರಲ್ಲಿ ಒಂದು ವಿಚಿತ್ರವಾದ ನ್ಯಾಯವು ಕಾಣುತ್ತದೆ. 1977ರಲ್ಲಿ ಕಲಬುರ್ಗಿಗೆ ಕಂಬವು ಬಂದಾಗ ಮಾತು ಹೈದರಾಬಾದಿನಿಂದ ಬರಬೇಕಾಗಿತ್ತು. 2022ರ ಹೊತ್ತಿಗೆ ಮಾತು ಹುಟ್ಟುವ ಮನೆಯು ಕಲಬುರ್ಗಿಯಲ್ಲಿ ಉಳಿದು, ಕಂಬದ ಕೆಲಸವು ತೀರಿತು. ಅಲೆಯು ಮಸುಕಾಗುವುದೆಂಬ, ನದಿಯು ಅಡ್ಡವಾಗುವುದೆಂಬ ಹಳೆಯ ನೆಪಗಳು ಈಗ ಸಲ್ಲುವುದಿಲ್ಲ. ಮನೆಯ ಮಾಳಿಗೆಯ ಮೇಲಿನ ಸಣ್ಣ ತಟ್ಟೆಗೂ ಕೈಯೊಳಗಿನ ಫೋನಿಗೂ ಮಸರಕಲ್ಲು ಬೆಂಗಳೂರಿನಷ್ಟೇ ಹತ್ತಿರವಾಗಿದೆ. ಇನ್ನು ಉಳಿದುದು ಮಾತಿನ ಪ್ರಶ್ನೆ ಮಾತ್ರ; ಆ ಪ್ರಶ್ನೆಗೆ ಯಂತ್ರವನ್ನು ದೂರುವಂತಿಲ್ಲ.

ಫೋನೆಂಬ ಸಾಧನವು ಪ್ರತಿಯೊಬ್ಬನ ಕೈಗೂ ಬಂದಿರುವಾಗ, ಕೇಳಿದವನು ಹಾಡುವವನಾಗಬೇಕೆಂಬ ಎರಡನೆಯ ಗುಣವು ತಾನಾಗಿಯೇ ಸಿದ್ಧಿಸಿತಲ್ಲವೆ ಎಂದು ಕೆಲವರು ಕೇಳುವುದುಂಟು. ಅರ್ಧ ಮಾತ್ರ ಸಿದ್ಧಿಸಿದೆ. ಹಾಡುವವರು ಹೆಚ್ಚಿದ್ದಾರೆ, ಹಾಡನ್ನು ಆಯ್ದು, ತಿದ್ದಿ, ಕಾಪಿಟ್ಟು ಮುಂದಿನವರಿಗೆ ಒಪ್ಪಿಸುವವರು ಹೆಚ್ಚಿಲ್ಲ. ದಾಸರ ಪದಗಳು ಉಳಿದುದು ಹಾಡಿದವರಿಂದ ಮಾತ್ರವಲ್ಲ. ಗುರುವಿನಿಂದ ಶಿಷ್ಯನಿಗೆ, ತಾಯಿಯಿಂದ ಮಗಳಿಗೆ ಬಾಯಿಂದ ಬಾಯಿಗೆ ಸಾಗಿ, ತಾಡವೋಲೆಗೂ ಕಾಗದಕ್ಕೂ ಇಳಿದು, ಅಚ್ಚಿಗೆ ಬಂದುದರಿಂದ. ಸಾರ್ವಜನಿಕ ನಿಲಯವೊಂದರ ಧರ್ಮವು ಈ ಕಾಪಿಡುವ ಕಾರ್ಯವೇ ಆಗಿದೆ. ತತ್ತ್ವಪದಕಾರರ, ಮೊಹರಮ್ಮಿನ ರಿವಾಯತು ಹಾಡುವವರ, ಬಯಲಾಟದ ಮೇಳಗಳವರ ಧ್ವನಿಯನ್ನು ಅವರವರ ಊರಿನ ಉಚ್ಚಾರದಲ್ಲೇ ಹಿಡಿದಿಡುವ ಕೆಲಸವು ಪೇಟೆಯ ಲಾಭವನ್ನು ನೋಡುವ ವಾಹಿನಿಗಳಿಗೆ ಒಗ್ಗುವುದಿಲ್ಲ.

ಆದುದರಿಂದ ಈ ಸೀಮೆಯ ವಿದ್ಯಾವಂತ ಕುಟುಂಬಗಳು ಕಲಬುರ್ಗಿಯ ಕೇಂದ್ರವನ್ನು ಕೇಳಬೇಕಾದುದು ಕಂಬವು ಎಲ್ಲಿ ಹೋಯಿತೆಂದಲ್ಲ. ವಾರದಲ್ಲಿ ಎಷ್ಟು ಹೊತ್ತು ಈ ಸೀಮೆಯ ಮಾತು ಚಂದನದಲ್ಲಿ ಕೇಳಬರುತ್ತದೆ? ಅದರಲ್ಲಿ ದೇವದುರ್ಗ, ಮಾನವಿ, ಲಿಂಗಸೂಗೂರುಗಳ ಪಾಲೆಷ್ಟು? ಇದುವರೆಗೆ ತಯಾರಾದ ಕಾರ್ಯಕ್ರಮಗಳನ್ನು ಜನರು ತಿರುಗಿ ನೋಡುವ ಏರ್ಪಾಡು ಏನಿದೆ? ಇವು ಕೇಳತಕ್ಕ ಪ್ರಶ್ನೆಗಳು. ಹಾಗೆಯೇ ಪ್ರಯೋಗದ ವರ್ಷದಲ್ಲಿ ಬಾಲಕರಾಗಿ ಶಾಲೆಯ ಪೆಟ್ಟಿಗೆಯ ಮುಂದೆ ಕುಳಿತಿದ್ದವರು ಈಗ ಐವತ್ತು ಅರುವತ್ತು ದಾಟಿದವರಾಗಿದ್ದಾರೆ. ಅಂದಿನ ಸಂಜೆಗಳಲ್ಲಿ ಏನು ನೋಡಿದರು, ಏನು ತಿಳಿಯಿತು, ಏನು ತಿಳಿಯಲಿಲ್ಲ, ಯಾವ ಮಾತಿಗೆ ನಕ್ಕರು ಎಂಬುದನ್ನು ಹಳ್ಳಿಹಳ್ಳಿಯಿಂದ ಬರೆದುಕೊಳ್ಳುವುದಕ್ಕೆ ಕಾಲವು ಇನ್ನೂ ಮಿಕ್ಕಿದೆ, ಬಹಳವಾಗಿ ಮಿಕ್ಕಿಲ್ಲ. ಸಂಸ್ಥೆಯ ವರದಿಗಳು ನೋಟಕರ ಸಂಖ್ಯೆಯನ್ನು ಉಳಿಸಿವೆ. ನೋಟಕರ ಮಾತನ್ನು ಉಳಿಸುವ ಕಾರ್ಯವು ಜಿಲ್ಲೆಯ ಸಾಹಿತ್ಯಸಂಘಗಳಿಗೂ ಶಾಲಾಶಿಕ್ಷಕರಿಗೂ ಸೇರಿದುದು. ಅದನ್ನು ಈ ವರ್ಷವೇ ಕೈಕೊಂಡರೆ, ಕನ್ನಡನಾಡಿನಲ್ಲಿ ದೂರದರ್ಶನವನ್ನು ಮೊದಲು ಕಂಡ ಜನರ ಚರಿತ್ರೆಯು ಅವರದೇ ನುಡಿಯಲ್ಲಿ ದೊರೆಯುವುದು.